ಕಬ್ಬಿಣದ ಪುಡಿ, ಬೆಳ್ಳಿ ಕರಡಿಗೆ

ಮೈತ್ರೇಯಿ ಹತ್ತೂರು ಸುತ್ತಿ ಬಂದವಳೇನಲ್ಲ. ಹುಟ್ಟಿ ಬೆಳೆದಿದ್ದು ಚಾಮರಾಜಪೇಟೆ, ಓದಿದ್ದು ಬಸವನಗುಡಿ, ಈಗ ಕೆಲಸ ಮಾಡೋದೂ ಅಲ್ಲೇ ಬಸವನಗುಡಿಯ ಒಂದು ಆಸ್ಪತ್ರೆಯ ಹಿಂಬದಿಯ ಲ್ಯಾಬಿನಲ್ಲಿ. ಆದರೂ ಮಾತಿಗೆ ನಿಂತಳು ಅಂದರೆ ಲೋಕವನ್ನೆಲ್ಲ ಅರೆದು ಕುಡಿದವಳ ಧಾಟಿ. ಸುಮ್ಮನೆ ಹೇಳಬಾರದು, ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳ ವಿಷಯದಲ್ಲಿ ಅವಳಷ್ಟು ತಿಳಿದವರು ಈ ಊರಲ್ಲಿ ಬಹಳ ಜನ ಇಲ್ಲ. ತನಗೆ ಏನು ತಿಳಿದಿಲ್ಲ ಅನ್ನೋದು ಮಾತ್ರ ಅವಳಿಗೆ ತಡವಾಗಿ ತಿಳಿಯಿತು. ಅಷ್ಟು ಹೊತ್ತಿಗೆ ಶಿವರುದ್ರಪ್ಪನವರ ಬಲಗಾಲು ಹೋಗಿತ್ತು.

ಶಿವರುದ್ರಪ್ಪ ಅಂದರೆ ಪಕ್ಕದ ಮನೆಯವರು. ಅವೆನ್ಯೂ ರಸ್ತೆಯಲ್ಲಿ ಲಗ್ನಪತ್ರಿಕೆ ಅಂಗಡಿ, ಅವರಪ್ಪನ ಕಾಲದ್ದು. ಕಾಲಿಗೆ ಚಕ್ರ ಕಟ್ಟಿಕೊಂಡವರು ಅಂತಾರಲ್ಲ, ಅಂಥವರು. ಎಪ್ಪತ್ತು ದಾಟಿದ ಮೇಲೂ ಚಾಮರಾಜಪೇಟೆಯಿಂದ ಮಾರ್ಕೆಟ್ ಹಾದು ಅಂಗಡಿಗೆ ನಡೆದೇ ಹೋಗೋರು. ಆಟೊದವನು ಪಕ್ಕಕ್ಕೆ ಬಂದು ‘ಬನ್ನಿ ಯಜಮಾನ್ರೇ’ ಅಂದರೆ, ‘ನಿನ್ನ ಗಾಡಿ ಸಿಗ್ನಲ್ ದಾಟೋ ಹೊತ್ತಿಗೆ ನಾನು ಅಂಗಡೀಲಿ ಕಾಫಿ ಕುಡೀತಿರ್ತೀನಿ, ಹೋಗಯ್ಯ’ ಅನ್ನೋರು. ದಾರಿಯುದ್ದಕ್ಕೂ ಗುರುತಿನವರು. ಹೂವಿನವರ ಮಗಳ ಮದುವೆ, ಬಳೆ ಅಂಗಡಿಯವರ ಮೊಮ್ಮಗನ ನಾಮಕರಣ, ಎಲ್ಲಕ್ಕೂ ಪತ್ರಿಕೆ ಇವರದೇ. ಅವರ ವ್ಯಾಪಾರ, ಹರಟೆ, ಆರೋಗ್ಯ ಎಲ್ಲ ಆ ನಡಿಗೆಯಲ್ಲೇ ಇತ್ತು.

ಎರಡು ಮನೆಗೂ ನಡುವೆ ಒಂದು ಮೋಟು ಗೋಡೆ. ಮೈತ್ರೇಯಿಯ ಅಮ್ಮ ಶಾಲೆಯಲ್ಲಿ ಟೀಚರು. ಅವರು ಮನೆಗೆ ಬರೋತನಕ ಮಗು ಆ ಗೋಡೆ ಹಾರಿ ಶಿವರುದ್ರಪ್ಪನವರ ಮನೆಯಲ್ಲೇ. ಅವರು ‘ಮಾಮ’, ಅವರ ಹೆಂಡತಿ ಮಹಾನಂದ ‘ಅತ್ತೆ’. ಅಲ್ಲೇ ಹೋಂವರ್ಕು, ಅಲ್ಲೇ ಜಗಳ, ಅಲ್ಲೇ ನಿದ್ದೆ. ಮಹಾನಂದತ್ತೆ ಕೊಟ್ಟ ಅಕ್ಕಿ ರೊಟ್ಟಿಯನ್ನು ತನ್ನಜ್ಜಿಗೆ ಗೊತ್ತಾಗದ ಹಾಗೆ ಹಿತ್ತಿಲಲ್ಲಿ ಕೂತು ಮುಗಿಸಿ, ಬಾಯಿ ಒರೆಸಿಕೊಂಡು ಸಂಭಾವಿತಳ ಹಾಗೆ ಮನೆಗೆ ಹೋಗೋಳು. ದೊಡ್ಡವಳಾಗಿ, ಮದುವೆಯಾಗಿ, ಗಂಡನ ಜೊತೆ ತನ್ನಮ್ಮನ ಮನೆಯ ಮಹಡಿ ಮೇಲೆ ಸಂಸಾರ ಹೂಡಿದ ಮೇಲೂ ಮಾಮನಿಗೆ ಅವಳು ಮೈತ್ರಿಯೇ.

ಹೊಸ ಚಪ್ಪಲಿ ಕಚ್ಚಿದ್ದೊಂದು ನೆಪ. ಮಾಮನಿಗೆ ಸಕ್ಕರೆ ಕಾಯಿಲೆ ಹಳೆಯದು, ಹಿಮ್ಮಡಿ ಮರಗಟ್ಟಿಹೋಗಿತ್ತು, ನೋವೇ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಗಾಯ ಕೀವು ಕಟ್ಟಿತ್ತು. ಅರಿಶಿನ ಹಚ್ಚಿದರು, ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ ನುಂಗಿದರು, ಆಮೇಲೆ ಡಾಕ್ಟರು ಬರೆದುಕೊಟ್ಟ ಮಾತ್ರೆ, ಅದೂ ಸಾಲದೆ ಇನ್ನೂ ಜೋರಿನದು. ಎರಡು ದಿನ ಆರಿದ ಹಾಗೆ ಕಾಣೋದು, ಮತ್ತೆ ಒಸರೋದು. ‘ಒಂದಿನ ಆ ಅಂಗಡಿಗೆ ಹೋಗದಿದ್ರೆ ಊರಲ್ಲಿ ಮದುವೆಗಳು ನಿಂತೋಗ್ತವಾ?’ ಅಂತ ಮಹಾನಂದತ್ತೆ ಬೈಯೋರು. ಮಾಮ ಬ್ಯಾಂಡೇಜಿನ ಮೇಲೆ ಕಾಲುಚೀಲ ಏರಿಸಿ ನಡೆದೇಬಿಡೋರು.

ಗೋಡೆಯಾಚೆಯಿಂದ ಇದನ್ನೆಲ್ಲ ಕೇಳಿಸಿಕೊಂಡ ಮೈತ್ರೇಯಿ ಒಂದು ಭಾನುವಾರ ತಾನೇ ಹೋದಳು. ‘ಮಾಮ, ನಾಳೆ ನನ್ನ ಜೊತೆ ಲ್ಯಾಬಿಗೆ ಬನ್ನಿ. ಆ ಗಾಯದಲ್ಲಿ ಯಾರು ಠಿಕಾಣಿ ಹೂಡಿದಾರೆ ನೋಡೇಬಿಡೋಣ.’

ಮಾಮ ಬಂದರು. ಲ್ಯಾಬಿನಲ್ಲಿ ಸ್ಟೂಲಿನ ಮೇಲೆ ಕೂತು, ತೇರು ನೋಡೋ ಮಗುವಿನ ಹಾಗೆ ಎಲ್ಲವನ್ನೂ ನೋಡಿದರು. ಮೈತ್ರೇಯಿ ಗಾಯದಿಂದ ತೆಗೆದ ಕೀವನ್ನು ಪುಟ್ಟ ಕೊಳವೆಯಲ್ಲಿ ಕದಡಿ, ಅದಕ್ಕೆ ಕಂದುಗಪ್ಪು ನೀರಿನ ನಾಲ್ಕು ಹನಿ ಬಿಟ್ಟಳು.

‘ಇದೇನೇ, ಡಿಕಾಕ್ಷನ್ ಇದ್ದಂಗಿದೆ?’

‘ಕಬ್ಬಿಣದ ತುಕ್ಕು ಅನ್ಕೊಳ್ಳಿ ಮಾಮ. ಆದ್ರೆ ಒಂದೊಂದು ಕಣ ಎಷ್ಟು ಸಣ್ಣದು ಅಂದ್ರೆ, ಒಂದೇ ಬ್ಯಾಕ್ಟೀರಿಯಾ ಮೈಮೇಲೆ ನೂರಾರು ಕೂತ್ಕೋತವೆ. ಬ್ಯಾಕ್ಟೀರಿಯಾಗೆ ಅಂಟ್ಕೊಳ್ಳೋ ಹಾಗೆ ಅವಕ್ಕೆ ಒಂದು ಲೇಪ ಕೊಟ್ಟಿದೀವಿ. ಈಗ ನೋಡಿ.’

ಕೊಳವೆಯ ಪಕ್ಕಕ್ಕೆ ಒಂದು ಅಯಸ್ಕಾಂತ ಹಿಡಿದಳು. ಕದಡಿದ್ದ ಕಪ್ಪೆಲ್ಲ ಮೆಲ್ಲಗೆ ಸರಿದು ಗಾಜಿನ ಒಂದು ಮಗ್ಗುಲಿಗೆ ಅಂಟಿಕೊಂಡಿತು. ಉಳಿದ ನೀರನ್ನು ಚೆಲ್ಲಿ, ಆ ಕಪ್ಪನ್ನು ತೊಳೆದು, ನೀಲಿ ಬಣ್ಣ ಹಾಕಿ ಬೆಚ್ಚಗಿಟ್ಟಳು. ಒಂದು ಕಾಫಿ, ನಾಲ್ಕು ಹರಟೆ ಆಗೋ ಹೊತ್ತಿಗೆ ನೀಲಿ ಹೋಗಿ ಗುಲಾಬಿ ತಿರುಗಿತ್ತು. ಎಲ್ಲರೂ ಎರಡು ಮೂರು ದಿನ ಕಾದು ತಿಳಿಯೋದನ್ನ ಇವಳು ಕೂತಲ್ಲೇ ತೋರಿಸಿದ್ದಳು.

‘ಗುಲಾಬಿ ಬಂತು ಅಂದ್ರೆ ಇದಾವೆ ಅಂತ. ಜೀವಂತ ಇದಾವೆ.’

‘ಅಬ್ಬಾ, ಕಳ್ಳನನ್ನ ಕುತ್ತಿಗೆಪಟ್ಟಿ ಹಿಡಿದು ಎಳ್ಕೊಂಡ್ ಬಂದಂಗಾಯ್ತು ಬಿಡು!’ ಅಂತ ಮಾಮ ತೊಡೆ ತಟ್ಟಿ ನಕ್ಕರು. ಅಲ್ಲಿದ್ದವರಿಗೆಲ್ಲ ‘ನಮ್ಮ ಹುಡುಗಿ, ನಮ್ಮನೇಲೇ ಬೆಳೆದೋಳು’ ಅಂತ ಹೇಳಿಕೊಂಡರು. ಮೈತ್ರೇಯಿಗೆ ಒಳಗೊಳಗೇ ಹಿಗ್ಗು. ಯಾವ ದೊಡ್ಡ ಸಭೆಯ ಚಪ್ಪಾಳೆಯೂ ಅವಳಿಗೆ ಇಷ್ಟು ಹಿತ ಕೊಟ್ಟಿರಲಿಲ್ಲ.

ಹಿಡಿಯೋದು ಅರ್ಧ ಕೆಲಸ, ಕೊಲ್ಲೋದು ಇನ್ನರ್ಧ. ಅದಕ್ಕೂ ಅದೇ ಕಬ್ಬಿಣದ ಪುಡಿ. ಆ ಆಸ್ಪತ್ರೆಯಲ್ಲಿ ಅದರ ಪ್ರಯೋಗ ಆಗಷ್ಟೇ ಶುರುವಾಗಿತ್ತು. ಸರ್ಜನ್ ವಸಂತ್ ಗಾಯ ನೋಡೋರು, ಮೈತ್ರೇಯಿ ಮಷೀನು ನೋಡೋಳು. ಅವಳು ಮಾಮನಿಗೆ ಬಿಡಿಸಿ ಹೇಳಿದಳು: ‘ಈ ಬ್ಯಾಕ್ಟೀರಿಯಾಗಳು ಗಾಯದೊಳಗೆ ಜಿಗಟು ಪೊರೆ ಹೊದ್ಕೊಂಡು ಮಲಗಿವೆ ಮಾಮ. ನೀವು ನುಂಗಿದ ಮಾತ್ರೆ ಆ ಪೊರೆ ದಾಟಲ್ಲ. ನಾವು ಈ ಪುಡೀನ ಜೆಲ್‌ನಲ್ಲಿ ಕಲಸಿ ಗಾಯಕ್ಕೆ ತುಂಬ್ತೀವಿ. ಕಾಲನ್ನ ಒಂದು ತಾಮ್ರದ ಸುರುಳಿಯೊಳಗೆ ಇಟ್ಟು ಕರೆಂಟ್ ಬಿಟ್ರೆ ಪುಡಿ ಮಾತ್ರ ಕಾಯತ್ತೆ, ನಿಮ್ಮ ಮಾಂಸ ಅಲ್ಲ. ಪೊರೆ ಹರಿದುಹೋಗತ್ತೆ. ಆಮೇಲೆ ಅದೇ ಮಾತ್ರೆ ಕೆಲಸ ಮಾಡತ್ತೆ.’

‘ಕಾಲು ಉಳಿಯತ್ತಾ?’ ಅಂತ ಕೇಳಿದರು ಮಾಮ. ನಗು ಇರಲಿಲ್ಲ ಆಗ.

ಗಾಯ ನೋಡುತ್ತ ಅಲ್ಲೇ ಕೂತಿದ್ದ ವಸಂತ್ ಮಾತು ಮರೆಸಲಿಲ್ಲ. ಮೂಳೆಗೆ ಇನ್ನೂ ಇಳಿದಿಲ್ಲ, ಈಗಲೇ ಮಾಡಿದರೆ ಉಳಿಯೋ ಸಾಧ್ಯತೆ ಚೆನ್ನಾಗಿದೆ, ಮೂಳೆಗೆ ಇಳಿದರೆ ಮಾತ್ರ ನಮ್ಮ ಕೈಲಿರಲ್ಲ ಅಂದರು. ಮಾಮ ಮೈತ್ರೇಯಿಯ ಮುಖ ನೋಡಿ ‘ನೀನಿದೀಯಲ್ಲ’ ಅಂದರು.

ಇಲ್ಲಿ ಒಂದು ಮಾತು ಹೇಳಬೇಕು. ಆ ಸುರುಳಿಗೆ ಲೋಹ ಕಂಡರೆ ಆಗಲ್ಲ. ಮೊದಮೊದಲಲ್ಲಿ ಒಬ್ಬ ಹೆಂಗಸು ಕಾಲುಂಗುರ ತೆಗೆಯೋದು ಮರೆತು ಬೆರಳು ಸುಟ್ಟುಕೊಂಡಿದ್ದಳು. ಅವತ್ತಿನಿಂದ ಮೈತ್ರೇಯಿ ಕಟ್ಟುನಿಟ್ಟು ಮಾಡಿದ್ದಳು: ಕಾಲಿನ ಮೇಲಷ್ಟೇ ಅಲ್ಲ, ಮೈಮೇಲೆ ಎಲ್ಲೂ ಚೂರು ಲೋಹ ಇರಬಾರದು. ತಾಳಿ ತೆಗೆಯಲ್ಲ ಅಂತ ಅಳೋ ಹೆಂಗಸರಿಗೆ ಅಂತಲೇ ಡ್ರಾಯರಿನಲ್ಲಿ ಅರಿಶಿನದ ಕೊಂಬು, ಅರಿಶಿನದ ದಾರ ಇಟ್ಟಿದ್ದಳು. ಚಿನ್ನ ಬಿಚ್ಚಿ, ದಾರ ಕಟ್ಟಿಕೊಂಡು, ಒಳಗೆ ಹೋಗಿ. ಅಷ್ಟು ಸೂಕ್ಷ್ಮ ಅವಳಿಗೆ ಇತ್ತು, ಇಲ್ಲ ಅಂತಲ್ಲ. ತನ್ನಮ್ಮ, ತನ್ನಜ್ಜಿ ಮಾಡೋದನ್ನ ನೋಡಿ ಬೆಳೆದವಳಲ್ಲವೇ.

ಚಿಕಿತ್ಸೆಯ ದಿನ ಬೆಳಗ್ಗೆಯಿಂದಲೇ ಅವಳಿಗೆ ತಲೆ ಚಿಟ್ಟುಹಿಡಿದಿತ್ತು. ದೆಹಲಿಯಿಂದ ದೊಡ್ಡವರು ನಾಲ್ಕಾರು ಮಂದಿ ನೋಡೋಕೆ ಬಂದಿದ್ದರು. ಸುರುಳಿಗೆ ತಣ್ಣೀರು ಹರಿಸೋ ಪಂಪು ಅವತ್ತೇ ಕೈಕೊಟ್ಟು, ಆಗ ತಾನೇ ಸರಿಹೋಗಿತ್ತು. ವಸಂತ್ ಯಾವುದೋ ತುರ್ತು ಆಪರೇಶನ್ ಅಂತ ಮೇಲಿನ ಮಹಡಿಗೆ ಓಡಿದ್ದರು. ಅದರ ಮಧ್ಯೆ ಮಾಮ ಆಟೊ ಇಳಿದು, ಕುಂಟುತ್ತ, ಒಬ್ಬರೇ ಬಂದರು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಹಣೆಗೆ ವಿಭೂತಿ. ಮದುವೆ ಮನೆಗೆ ಬಂದವರ ಹಾಗೆ ಎಲ್ಲರಿಗೂ ಕೈಮುಗಿದರು.

‘ವಾಚು ತೆಗೀರಿ ಮಾಮ. ಉಂಗುರ. ಕನ್ನಡಕ ಕೂಡ. ಮೈಮೇಲೆ ಏನೂ ಇರೋ ಹಾಗಿಲ್ಲ.’

ಒಂದೊಂದನ್ನೇ ಬಿಚ್ಚಿ ಟ್ರೇಯಲ್ಲಿಟ್ಟರು. ಷರ್ಟು ಬಿಚ್ಚೋವಾಗ ಎದೆಯ ಮೇಲೆ ಬೆಳ್ಳಿ ಕರಡಿಗೆ ಕಾಣಿಸಿತು, ದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿದ ಮೊಟ್ಟೆಯಾಕಾರದ ಭರಣಿ. ಮೈತ್ರೇಯಿ ಬುದ್ಧಿ ಬಂದಾಗಿನಿಂದ ಅದನ್ನು ನೋಡಿದ್ದಳು. ಮಾಮನ ಲಿಂಗ, ಅಷ್ಟೇ.

‘ಆ ಲಿಂಗಾನೂ ತೆಗೆದಿಡಿ ಮಾಮ.’

ಮಾಮನ ಕೈ ಗುಂಡಿಯ ಮೇಲೇ ನಿಂತಿತು. ‘ಏನಂದೆ?’

‘ಲಿಂಗ. ತೆಗೆದು ಇದರಲ್ಲಿಡಿ. ಒಂದು ಗಂಟೆ ಅಷ್ಟೆ, ಆಮೇಲೆ ಹಾಕ್ಕೊಳ್ಳೋರಂತೆ.’ ಟ್ರೇಯನ್ನ ಮುಂದಕ್ಕೆ ಚಾಚಿದಳು. ಅದರಲ್ಲಿ ವಾಚಿನ ಪಕ್ಕ ಯಾರದೋ ಹಳೇ ಬೆಲ್ಟು ಸುರುಳಿ ಸುತ್ತಿಕೊಂಡು ಬಿದ್ದಿತ್ತು.

‘ಅದನ್ನ ತೆಗೆಯೋ ಹಾಗಿಲ್ಲಮ್ಮ’ ಅಂದರು ಮಾಮ, ಮೆಲ್ಲಗೆ, ಅವಳೊಬ್ಬಳಿಗೇ ಕೇಳೋ ಹಾಗೆ.

‘ತೆಗೀದೆ ಆಗಲ್ಲ ಮಾಮ. ರೂಲ್ಸು.’

‘ಮೈತ್ರೀ...’

ದೆಹಲಿಯವರು ಗಡಿಯಾರ ನೋಡುತ್ತಿದ್ದರು. ಪಂಪು ಮತ್ತೆ ಗುರ್ ಅಂದಿತು. ಮೈತ್ರೇಯಿಗೆ ತಾಳ್ಮೆ ಕೆಟ್ಟಿತು. ‘ಅಯ್ಯೋ ಮಾಮ, ದೇವರು ಒಂದು ಗಂಟೆ ಟ್ರೇಲಿ ಕೂತ್ರೆ ಕೋಪ ಏನೂ ಮಾಡ್ಕೊಳ್ಳಲ್ಲ’ ಅಂದುಬಿಟ್ಟಳು. ಗಟ್ಟಿಯಾಗೇ ಅಂದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಮಾಮ ಅವಳನ್ನೊಮ್ಮೆ ನೋಡಿದರು. ಆಮೇಲೆ ಷರ್ಟಿನ ಗುಂಡಿ ಕೆಳಗಿನಿಂದ ಮೇಲಿನವರೆಗೆ ಒಂದೂ ಬಿಡದೆ ಹಾಕಿಕೊಂಡರು, ಉಂಗುರ ತೊಟ್ಟು ವಾಚು ಕಟ್ಟಿಕೊಂಡರು, ಕನ್ನಡಕ ಏರಿಸಿದರು. ‘ಆಯ್ತಮ್ಮ, ಬರ್ತೀನಿ’ ಅಂದರು. ಕುಂಟುತ್ತಲೇ ಬಾಗಿಲು ದಾಟಿದರು. ಮೈತ್ರೇಯಿ ಹಿಂದೆ ಹೋಗಲಿಲ್ಲ. ಮುಂದಿನ ರೋಗಿಯನ್ನು ಕರೆಸಿದಳು.

ಸಂಜೆ ವಸಂತ್ ಎದುರು ಹಾರಾಡಿದಳು. ‘ಕಾಲು ಹೋಗ್ತಾ ಇದ್ರೂ ಇವರಿಗೆ ಇದೇ ದೊಡ್ಡದು ನೋಡಿ! ಇನ್ನು ನಾನು ಏನ್ ಮಾಡ್ಲಿ?’ ವಸಂತ್ ಎಲ್ಲ ಕೇಳಿ, ‘ನಿಮ್ಮ ಪಕ್ಕದ ಮನೆ ತಾನೆ? ಹೋಗಿ ಇನ್ನೊಂದ್ಸಲ ಮಾತಾಡಿ’ ಅಂದರು. ‘ಹೋಗ್ತೀನಿ’ ಅಂದಳು.

ಹೋಗಲಿಲ್ಲ ಪುಣ್ಯಾತ್ಗಿತ್ತಿ. ಮೊದಲು ಬಿಗುಮಾನ, ಅವರೇ ಬರಲಿ ಅಂತ. ಆಮೇಲೆ ಟ್ರೇ ವಿಷಯ ನೆನಪಾಗಿ ನಾಚಿಕೆ. ಆಮೇಲೆ ಏನೋ ವರದಿ, ಏನೋ ಕಾನ್ಫರೆನ್ಸು. ಬೆಳಗ್ಗೆ ಗೋಡೆಯಾಚೆ ಮಾಮ ಕೆಮ್ಮಿದರೆ ಇವಳು ಹಿತ್ತಿಲ ಬಾಗಿಲು ಮುಂದೆ ಮಾಡೋಳು. ಎರಡು ಮಾತಿಗೆ ಇಷ್ಟು ದಿನ ಬೇಕಾಗಿರಲಿಲ್ಲ, ಒಂದು ಮೋಟು ಗೋಡೆ ದಾಟಿದ್ದರೆ ಸಾಕಿತ್ತು. ಅತ್ತ ಮಾಮ ಮನೆಯಲ್ಲಿ ‘ಆ ಮಷೀನು ನನಗೆ ಆಗಿಬರಲ್ವಂತೆ’ ಅಂತಷ್ಟೇ ಹೇಳಿದ್ದರು. ಮಹಾನಂದತ್ತೆ ಅದನ್ನೇ ನಂಬಿ ಮತ್ತೆ ಮಾತ್ರೆ, ಮತ್ತೆ ಬ್ಯಾಂಡೇಜು ಅಂತ ನಡೆಸಿಕೊಂಡು ಹೋಗಿದ್ದರು.

ಸುದ್ದಿ ಬಂದಿದ್ದು ಹೂವು ಮಾರೋ ಮುನಿಲಕ್ಷ್ಮಮ್ಮನ ಬಾಯಿಂದ. ಮೊಳ ಹಾಕುತ್ತ, ‘ರುದ್ರಪ್ಪನೋರ್ನ ನೆನ್ನೆ ಎತ್ಕೊಂಡೋದ್ರಂತಲ್ಲಮ್ಮ. ಕಾಲು ಕರ್ರಗಾಗ್ಬುಟ್ಟೈತಂತೆ, ಚಳಿಜ್ವರವಂತೆ. ಗೊತ್ತಿಲ್ವಾ ನಿಮ್ಗೆ?’ ಅಂದಳು. ಮೈತ್ರೇಯಿ ಹೂವನ್ನು ಅಲ್ಲೇ ಬಿಟ್ಟು ಓಡಿದಳು.

ಅವಳ ಆಸ್ಪತ್ರೆಗೇ ತಂದಿದ್ದರು. ವಸಂತ್ ವರಾಂಡದಲ್ಲಿ ಸಿಕ್ಕಿ ತಲೆ ಅಲ್ಲಾಡಿಸಿದರು. ಸೋಂಕು ಮೂಳೆಗೆ ಇಳಿದಾಗಿದೆ, ರಕ್ತಕ್ಕೂ ಸೇರ್ತಾ ಇದೆ, ಮೊಣಕಾಲಿನ ಕೆಳಗೆ ತೆಗೆಯದೆ ಹೋದರೆ ಮನುಷ್ಯನೇ ಉಳಿಯಲ್ಲ. ‘ನಮ್ಮ ಮಷೀನು?’ ಅಂತ ಕೇಳಿದಳು. ಕೇಳಿದ ಮೇಲೆ ತನಗೇ ಗೊತ್ತಾಯಿತು, ಅದು ಕೇಳೋ ಮಾತಲ್ಲ ಅಂತ. ‘ಅವತ್ತು ಮಾಡಿದ್ರೆ ಬೇರೆ ಮಾತು’ ಅಂದರು ವಸಂತ್.

ಆಪರೇಶನ್ ಥಿಯೇಟರಿನ ಬಾಗಿಲಲ್ಲಿ ಸ್ಟ್ರೆಚರ್ ನಿಂತಿತ್ತು. ಮಾಮನ ಮುಖ ಬಾಡಿದ ಎಲೆಯಾಗಿತ್ತು. ಪಕ್ಕದಲ್ಲಿ ಮಹಾನಂದತ್ತೆ, ಸೆರಗು ಬಾಯಿಗೆ ಒತ್ತಿಕೊಂಡು. ನರ್ಸು ಮಾಮನ ಕೊರಳು ನೋಡಿ ‘ಲೋಹ ಒಳಗೆ ಬಿಡಲ್ಲ ಸರ್’ ಅಂದಳು. ಮೈತ್ರೇಯಿ ಎರಡು ಹೆಜ್ಜೆ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದಳು. ಇನ್ನೇನು, ಇಲ್ಲೂ ಆಗಲ್ಲ ಅಂತಾರೆ, ಇಲ್ಲಿಂದಲೂ ಎದ್ದು ಹೋಗ್ತೀನಿ ಅಂತಾರೆ ಅಂದುಕೊಂಡಳು.

ವಸಂತ್ ಸ್ಟ್ರೆಚರಿನ ಮೇಲೆ ಬಗ್ಗಿದರು. ‘ಯಜಮಾನ್ರೇ, ಇದಕ್ಕೆ ಏನ್ ಮಾಡೋಣ? ನೀವೇ ಹೇಳಿ.’

‘ಅದಕ್ಕೇನು ಡಾಕ್ಟ್ರೇ’ ಅಂದರು ಮಾಮ, ಸೋತ ದನಿಯಲ್ಲಿ. ‘ಒಂದು ಚೂರು ಮಡಿ ಬಟ್ಟೆ ಕೊಡ್ಸಿ.’

ನರ್ಸು ಹೊಸ ಪೊಟ್ಟಣ ಒಡೆದು ಬಿಳಿ ಪಟ್ಟಿ ಕೊಟ್ಟಳು. ಮಾಮ ಕರಡಿಗೆಯ ಮುಚ್ಚಳ ತಿರುಗಿಸಿದರು. ಅದು ಬಿಚ್ಚಿಕೊಂಡಿತು. ಒಳಗಿಂದ ಮಿರಿಮಿರಿ ಮಿಂಚೋ, ನೇರಳೆ ಹಣ್ಣಿಗಿಂತ ಒಂಚೂರು ದಪ್ಪನೆಯ ಕಪ್ಪು ಲಿಂಗ ಅಂಗೈಗೆ ಇಳಿಯಿತು. ಕಣ್ಣಿಗೊತ್ತಿಕೊಂಡರು, ತಾವೇ ಬಟ್ಟೆಯಲ್ಲಿ ಸುತ್ತಿದರು. ಮಹಾನಂದತ್ತೆ ಆ ಬಟ್ಟೆಯ ತುದಿಗಳನ್ನ ಹಿಡಿದು ಅವರ ಎಡರಟ್ಟೆಗೆ ಬಿಗಿಯಾಗಿ ಕಟ್ಟಿದರು. ಖಾಲಿ ಕರಡಿಗೆ ಅವರ ಕೈಚೀಲಕ್ಕೆ ಹೋಯಿತು. ‘ನಡೀರಿ’ ಅಂದರು ಮಾಮ. ಸ್ಟ್ರೆಚರ್ ಒಳಗೆ ಹೋಯಿತು. ಒಂದು ನಿಮಿಷದ ಕೆಲಸ.

ಮೈತ್ರೇಯಿ ಕಂಬ ಬಿಟ್ಟು ಮಹಾನಂದತ್ತೆಯ ಹತ್ತಿರ ಬಂದಳು. ‘ಅತ್ತೆ, ಅದು... ಹಾಗೆ ಬಿಚ್ಚತ್ತಾ?’

‘ಯಾವ್ದೇ? ಕರಡಿಗೇನಾ?’ ಮಹಾನಂದತ್ತೆ ಕಣ್ಣೊರೆಸಿಕೊಂಡು ಅವಳನ್ನ ನೋಡಿದರು. ‘ಬಿಚ್ದೆ ಇದ್ರೆ ದಿನಾ ಪೂಜೆ ಹೆಂಗ್ ಮಾಡ್ತಾರೆ? ಕಣ್ಣಿನ ಆಪರೇಶನ್ನಿಗೂ ಹಿಂಗೇ ಬಟ್ಟೇಲಿ ಕಟ್ಕೊಂಡೇ ಹೋಗಿದ್ರು. ಲಿಂಗ ಮೈಮೇಲಿದ್ರಾಯ್ತು, ಬೆಳ್ಳಿ ಯಾರಿಗ್ ಬೇಕು? ಯಾಕೆ ಹಂಗ್ ಕೇಳ್ತೀಯ?’

‘ಏನಿಲ್ಲ ಅತ್ತೆ’ ಅಂದಳು. ಬೇರೆ ಏನು ತಾನೇ ಹೇಳಿಯಾಳು? ಥಿಯೇಟರಿನ ಹೊರಗಿನ ಬೆಂಚಿನ ಮೇಲೆ, ಅವರ ಕೈ ಹಿಡಿದುಕೊಂಡು, ಒಳಗೆ ಗರಗಸದ ಕೆಲಸ ಮುಗಿಯೋವರೆಗೂ ಅವರ ಪಕ್ಕ ಕೂತಳು.

ತನಗೆ ಯಾಕೆ ಗೊತ್ತಿರಲಿಲ್ಲ? ಕೂತಲ್ಲೇ ಅವಳಿಗೆ ಅದೂ ಹೊಳೆಯಿತು. ಅವಳಜ್ಜಿ ತುಳಸಮ್ಮ ಹಳೇ ಕಾಲದ ಅಯ್ಯಂಗಾರ್ ಹೆಂಗಸು. ಮಹಾನಂದ ಅಂದರೆ ಅಜ್ಜಿಗೂ ಇಷ್ಟವೇ. ಮೊಮ್ಮಗಳು ದಿನವಿಡೀ ಆ ಮನೆಯಲ್ಲಿ ಬಿದ್ದಿದ್ದರೂ ಚಕಾರ ಎತ್ತಿದವರಲ್ಲ. ಆದರೆ ಆ ಮನೆಯಿಂದ ವಿಭೂತಿಯ ವಾಸನೆ, ಗಂಟೆಯ ಸದ್ದು ಬಂತೋ, ಗೋಡೆಯಾಚೆಯಿಂದ ‘ಮೈತ್ರೀ, ಬಾ ಈ ಕಡೆ’ ಅಂತ ಕೂಗು. ಅವರ ಪೂಜೆ ನಾವು ನೋಡೋದಲ್ಲ ಅಂತ. ಮಾಮ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂರೋ ಹೊತ್ತಿಗೆ ಸರಿಯಾಗಿ, ಇವಳು ತನ್ನ ಮನೆಯ ಹೊಸಿಲು ತುಳಿದಿರೋಳು. ಒಂದು ದಿನವೂ ತಪ್ಪಿದ್ದಲ್ಲ. ಆಮೇಲೆ ಅಜ್ಜಿ ಹೋದರು, ಇವಳು ಇಷ್ಟುದ್ದ ಓದಿದಳು, ಮಡಿ ಮೈಲಿಗೆ ಅಂದರೆ ನಗೋಳು. ಆದರೂ ಅಜ್ಜಿ ಕರೆದು ಕೂರಿಸಿದ ಜಾಗದಲ್ಲೇ ಕೂತಿದ್ದಳು, ಏಳಬೇಕು ಅಂತ ಹೊಳೆದೇ ಇರಲಿಲ್ಲ. ಡ್ರಾಯರಿನಲ್ಲಿ ತಾನೇ ಇಟ್ಟಿದ್ದ ಅರಿಶಿನದ ದಾರ ಅವಳಿಗೆ ನೆನಪಾಯಿತು.

ಮಾಮ ಬದುಕಿಕೊಂಡರು. ಜ್ವರ ಇಳಿದ ಮೇಲೆ ವಾರ್ಡಿಗೆ ತಂದರು. ಹೊದಿಕೆ ಬಲಗಡೆ ಅರ್ಧಕ್ಕೇ ತಗ್ಗಿ ಮಲಗಿರುತ್ತಿತ್ತು. ನೋಡೋಕೆ ಬಂದವರ ಹತ್ತಿರ ಮಾಮ ಹಳೇ ಥರವೇ ತಮಾಷೆ ಮಾಡೋರು: ‘ಇನ್ಮೇಲೆ ಆಟೊದವನಿಗೂ ವ್ಯಾಪಾರ ಆಗ್ಲಿ ಬಿಡಿ.’ ಬಂದವರು ಹೋದ ಮೇಲೆ ಆ ತಗ್ಗಿನ ಕಡೆ ನೋಡುತ್ತ ಮಲಗಿರೋರು. ಮೈತ್ರೇಯಿ ದಿನಾ ಬಂದು ಬಾಗಿಲ ಹತ್ತಿರ ನಿಂತು ಹೋಗೋಳು. ‘ಒಳಗ್ ಬಾರೆ’ ಅಂತ ಮಹಾನಂದತ್ತೆ ಕರೆದರೆ, ಕೆಲಸ ಇದೆ ಅನ್ನೋಳು.

ಒಂದು ಮಧ್ಯಾಹ್ನ ಅತ್ತೆ ಕೆಳಗೆ ಕ್ಯಾಂಟೀನಿಗೆ ಕಾಫಿ ತರೋಕೆ ಹೋಗಿದ್ದರು. ಮೈತ್ರೇಯಿ ಒಳಗೆ ಹೋಗಿ ಮಂಚದ ಪಕ್ಕ ನಿಂತಳು. ಹೇಳಬೇಕಾದ್ದನ್ನ ಎಷ್ಟೋ ಸಲ ಬಾಯಿಪಾಠ ಮಾಡಿಕೊಂಡಿದ್ದಳು, ಈಗ ಮಾತ್ರ ಹೊದಿಕೆಯ ಸುಕ್ಕು ಎಳೆದು ಸರಿಮಾಡಿದಳು.

‘ಕೂತ್ಕೋ ಮೈತ್ರಿ’ ಅಂದರು ಮಾಮ.

ಕೂತಳು. ‘ಮಾಮ, ಅವತ್ತು ಯಾಕೆ ಹೇಳಲಿಲ್ಲ? ಕರಡಿಗೆ ಬಿಚ್ಚಿಟ್ಟು, ಬಟ್ಟೇಲಿ ಕಟ್ಕೊಂಡ್ ಬರ್ತೀನಿ ಅಂತ ಒಂದು ಮಾತು ಅಂದಿದ್ರೆ...’  ಅಳು ಬಂತು.

ಮಾಮ ಅವಳನ್ನ ಅಳೋಕೆ ಬಿಟ್ಟರು. ಆಮೇಲೆ ಹೇಳಿದರು, ಕೋಪವಿಲ್ಲದೆ, ಗಿರಾಕಿಗೆ ಕಾಗದದ ಗುಣ ತಿಳಿಸೋ ಹಾಗೆ: ‘ಬೇರೆ ಯಾರಾದ್ರೂ ಅಂದಿದ್ರೆ ಹೇಳಿರ್ತಿದ್ದೆ. ಪಾಪ, ತಿಳೀದು ಅಂತ ಬಿಡಿಸಿ ಹೇಳಿರ್ತಿದ್ದೆ. ನೀನು ನಮ್ಮನೇಲೇ ಬೆಳೆದೋಳು. ಎಲ್ಲ ಗೊತ್ತಿದ್ದೇ ಹೇಳ್ತಿದಾಳೆ, ಆ ಮಷೀನಿಗೆ ಬಟ್ಟೇಲಿ ಕಟ್ಟಿದ್ರೂ ಆಗಲ್ವೇನೋ, ಅದನ್ನೂ ಯೋಚನೆ ಮಾಡೇ ತೆಗೆದಿಡಿ ಅಂತಿದಾಳೆ ಅಂದ್ಕೊಂಡೆ. ಮತ್ತೇನ್ ಕೇಳೋದು? ಆಮೇಲೆ ಟ್ರೇಲಿ ಕೂತ್ಕೊಳ್ಳಲಿ ಅಂದ್ಯಲ್ಲ, ಅದು ಮನಸ್ಸಿಗೆ ನಾಟ್ತು. ಎದ್ದು ಬಂದೆ. ನಂದೂ ಸ್ವಲ್ಪ ಜಂಬ ಅನ್ನು.’

ಇಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ತಪ್ಪಾಯ್ತು ಮಾಮ ಅಂತ ಕಾಲು ಮುಟ್ಟಿದ್ದರೆ, ಅವರು ತಲೆ ಸವರಿ ಕಳಿಸಿರೋರು. ಆದರೆ ಇನ್ನು ಮುಚ್ಚಿಡಬಾರದು ಅಂತ ಅವಳಿಗೆ ಹಠ ಹುಟ್ಟಿತ್ತು.

‘ನನಗೆ ಗೊತ್ತಿರಲಿಲ್ಲ ಮಾಮ. ಒಳಗೆ ಬೇರೆ ಲಿಂಗ ಇರತ್ತೆ ಅಂತಾನೇ ಗೊತ್ತಿರಲಿಲ್ಲ. ಆ ಬೆಳ್ಳೀನೇ ಲಿಂಗ ಅಂದ್ಕೊಂಡಿದ್ದೆ.’

ಕಾಲು ಹೋದಾಗಲೂ ಅಷ್ಟು ಇಳಿಯದ ಮುಖ ಆಗ ಇಳಿಯಿತು.

‘ಗೊತ್ತೇ ಇರಲಿಲ್ವಾ?’

‘ಇಲ್ಲ ಮಾಮ.’

‘ದಿನಾ ನಮ್ಮನೇಲೇ ಇರ್ತಿದ್ಯಲ್ಲೇ.’

 ಮಾಮ ಕಿಟಕಿಯ ಕಡೆ ತಿರುಗಿದರು. ‘ಗೊತ್ತಿದ್ದೂ ಅಂದ್ಲಲ್ಲ ಅಂತ ಇಷ್ಟು ದಿನ ನಿನ್ನ ಮೇಲೆ ಕೋಪ ಇತ್ತು’ ಅಂದರು. ‘ಮಗಳ ಮೇಲೆ ಇರತ್ತಲ್ಲ, ಆ ಥರದ ಕೋಪ. ಇದಕ್ಕಿಂತ ಅದೇ ಎಷ್ಟೋ ವಾಸಿ.’

 ಅಷ್ಟರಲ್ಲಿ ಮಹಾನಂದತ್ತೆ ಫ್ಲಾಸ್ಕು ಹಿಡಿದು ಒಳಗೆ ಬಂದರು. ಲೋಟ ತೊಳೆದು, ಗಂಡನಿಗೆ ಕಾಫಿ ಬಗ್ಗಿಸಿ ಕೊಟ್ಟರು. ಮಾಮ ಲೋಟ ಹಿಡಿದುಕೊಂಡು, ಕಿಟಕಿಯ ಕಡೆಗೇ ನೋಡುತ್ತ, ಅಂಗಡಿಗೆ ಬಂದ ಗಿರಾಕಿಗೆ ಕಾಫಿ ಹೇಳೋ ದನಿಯಲ್ಲಿ ಅಂದರು:

‘ಮೇಡಂಗೂ ಒಂದು ಲೋಟ ಕೊಡು.’

ಯಾವ ಮೇಡಂ ಬಂದರು ಅಂತ ಮಹಾನಂದತ್ತೆ ಬಾಗಿಲ ಕಡೆ ತಿರುಗಿ ನೋಡಿದರು.